ಮಗಳಿಗೆ ದೊಲೋರೆಸ್ ಎಂದು ಹೆಸರಿಡಬಹುದೇ?

ಪ್ರಶ್ನೆ: ನಾನು ಮೈಸೂರಿನವಳು. ಮದುವೆಯಾಗಿ ಸ್ಪೇನಿನ ವಲೆನ್ಸಿಯಾದಲ್ಲಿ ನೆಲೆಸಿದ್ದೇನೆ. ಗಂಡನ ಊರು ಮುರ್ಸಿಯಾ ಹತ್ತಿರ. ಇನ್ನೆರಡು ತಿಂಗಳಿಗೆ ಹೆರಿಗೆ. ಹೆಣ್ಣು ಮಗು ಎಂದು ಇಲ್ಲಿನ ಡಾಕ್ಟರ್ ಹೇಳಿದ್ದಾರೆ. ನನ್ನ ಗಂಡನ ಅಜ್ಜಿಯ ಹೆಸರನ್ನೇ ಇಡಬೇಕು ಅಂತ ಅತ್ತೆಗೆ ತುಂಬಾ ಆಸೆ. ಆ ಅಜ್ಜಿಯನ್ನು ಊರೆಲ್ಲ ಲೋಲಾ ಅಂತಲೇ ಕರೆಯುವುದು. ಚಿಕ್ಕದಾಗಿ ಚೆನ್ನಾಗಿದೆ ಅಂತ ನಾನೂ ಒಪ್ಪಿದ್ದೆ. ಮೊನ್ನೆ ಅಜ್ಜಿಯ ಗುರುತಿನ ಚೀಟಿ ನೋಡಿದರೆ ಅದರಲ್ಲಿ ಮರೀಯಾ ದೊಲೋರೆಸ್ ಅಂತಿತ್ತು. ದೊಲೋರೆಸ್ ಅಂದರೆ 'ನೋವುಗಳು' ಅಂತ ಗೊತ್ತಾಗಿ ಎದೆ ಧಸಕ್ಕೆಂದಿತು. ಅಮ್ಮನಿಗೆ ಫೋನಿನಲ್ಲಿ ಹೇಳಿದೆ. 'ಹುಟ್ಟೋ ಕೂಸಿಗೆ ಯಾರಾದ್ರೂ ನೋವು ಅಂತ ಹೆಸರಿಡ್ತಾರಾ? ಸುಮ್ನೆ ತಾರಾ ಅಂತ ಇಡು' ಅಂತ ಹೇಳಿ ಅತ್ತೇಬಿಟ್ಟರು. ನಾನು ಹಿಂಜರಿದದ್ದು ಕಂಡು ಅತ್ತೆಗೂ ಬೇಜಾರಾಗಿದೆ. ಇಂಥ ಹೆಸರು ಯಾಕೆ ಹುಟ್ಟಿತು? ಮಗುವಿನ ಬಾಳಿನ ಮೇಲೆ ಪರಿಣಾಮ ಆಗುತ್ತದೆಯೇ? ಬರೀ ಲೋಲಾ ಅಂತ ಬರೆಸಬಹುದೇ? ಮುಂದೆ ಭಾರತದ ಕಾಗದಪತ್ರಗಳಲ್ಲಿ ತೊಡಕಾಗುತ್ತದೆಯೇ?

ಉತ್ತರ: ನಾನು ಸ್ಪ್ಯಾನಿಷ್ ಕಲಿಸುತ್ತೇನೆ. ಜೊತೆಗೆ ಜನನ ಪತ್ರ, ಮದುವೆ ಪತ್ರಗಳ ಅನುವಾದವೂ ನನ್ನ ಕೆಲಸ. ಹೀಗಾಗಿ ಹೆಸರುಗಳ ಜಗಳ ನನ್ನ ಮೇಜಿಗೆ ಆಗಾಗ ಬರುತ್ತದೆ. ಎರಡು ಮನೆಯವರಿಗೂ ಆ ಮಗುವಿನ ಮೇಲೆ ಪ್ರೀತಿ ಜಾಸ್ತಿ ಇರುವಲ್ಲೇ ಇಂಥ ಜಗಳ ಆಗುವುದು. ಹಾಗಾಗಿ ಮೊದಲು ಒಂದು ಮಾತು. ನಿಮ್ಮ ಅತ್ತೆ ನಿಮ್ಮಿಂದ ಏನನ್ನೂ ಮುಚ್ಚಿಟ್ಟಿಲ್ಲ. ಲೋಲಾ ಅಂದರೆ ದೊಲೋರೆಸ್ ಅನ್ನುವುದು ಸ್ಪೇನಿನಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ, ಬಿಡಿಸಿ ಹೇಳಬೇಕು ಅಂತ ಅವರಿಗೆ ಹೊಳೆದೇ ಇರುವುದಿಲ್ಲ. ಇತ್ತ ನಿಮ್ಮ ಅಮ್ಮ ಹಿಡಿದ ಅರ್ಥವೂ ತಪ್ಪಲ್ಲ. ತಲೆನೋವಿಗೆ ಸ್ಪ್ಯಾನಿಷ್‌ನಲ್ಲಿ 'ದೊಲೋರ್ ದೆ ಕಬೇಸಾ' ಅನ್ನುತ್ತಾರೆ. ದೊಲೋರ್ ಒಂದು ನೋವು, ದೊಲೋರೆಸ್ ಹಲವು. ಹೆರಿಗೆ ನೋವಿಗೂ ಇದೇ ಪದ. ಅರ್ಥವನ್ನು ಮರೆಮಾಚಿ ನಿಮ್ಮನ್ನು ಸಮಾಧಾನ ಮಾಡುವುದು ನನಗೆ ಬೇಕಿಲ್ಲ.

ಆದರೆ ಆ ನೋವು ಯಾರದ್ದು ಅಂತ ಕೇಳಬೇಕು. ಹೆಸರಿನ ಪೂರ್ತಿ ರೂಪ 'ಮರೀಯಾ ದೆ ಲೋಸ್ ದೊಲೋರೆಸ್', ಅಂದರೆ ನೋವುಗಳ ಮೇರಿ. ಯೇಸುವಿನ ತಾಯಿ ಮೇರಿ ಮಾತೆಗೆ ಇರುವ ಅನೇಕ ಬಿರುದುಗಳಲ್ಲಿ ಇದೂ ಒಂದು. ಮಗುವಿಗೆ ಇಡುವುದು ಆ ತಾಯಿಯ ಹೆಸರು. ನಿನಗೆ ನೋವು ಬರಲಿ ಅನ್ನುವ ಹಾರೈಕೆ ಇದರಲ್ಲಿ ಇಲ್ಲ. ಆ ನೋವುಗಳು ಏಳು ಎಂದು ಕ್ರೈಸ್ತ ಸಂಪ್ರದಾಯ ಎಣಿಸುತ್ತದೆ. ಹಸುಗೂಸನ್ನು ದೇವಾಲಯಕ್ಕೆ ಕರೆದೊಯ್ದಾಗ ಸಿಮೆಯೋನ ಎಂಬ ಮುದುಕ 'ನಿನ್ನ ಎದೆಯನ್ನು ಕತ್ತಿಯೊಂದು ಇರಿಯುತ್ತದೆ' ಎಂದು ಹೇಳಿದ್ದು, ಮಗುವನ್ನು ಎತ್ತಿಕೊಂಡು ಈಜಿಪ್ಟಿಗೆ ಓಡಿದ್ದು, ಹನ್ನೆರಡರ ಹುಡುಗ ಜಾತ್ರೆಯಂಥ ಗದ್ದಲದಲ್ಲಿ ಕಳೆದುಹೋದದ್ದು, ಶಿಲುಬೆ ಹೊತ್ತ ಮಗ ದಾರಿಯಲ್ಲಿ ಎದುರಾದದ್ದು, ಅವನು ಸಾಯುವುದನ್ನು ನಿಂತು ನೋಡಿದ್ದು, ಹೆಣವನ್ನು ಮಡಿಲಿಗೆ ತೆಗೆದುಕೊಂಡದ್ದು, ಮಣ್ಣು ಮಾಡಿದ್ದು. ಮೇರಿ ಮಾತೆಯ ಎದೆಗೆ ಒಂದು ಅಥವಾ ಏಳು ಕತ್ತಿ ನಾಟಿರುವ ಪ್ರತಿಮೆಗಳನ್ನು ನೀವು ಅಲ್ಲಿ ನೋಡಿರಬಹುದು. ಅದು ಸಿಮೆಯೋನನ ಮಾತಿನಿಂದ ಬಂದದ್ದು.

ನಿಮ್ಮ ಅಮ್ಮನಿಗೆ ಹೇಳುವುದಾದರೆ ನಮ್ಮ ಮಾರಮ್ಮನ ಮಾತು ತೆಗೆಯಿರಿ. ಮಾರಿ ಅಂದರೆ ಸಿಡುಬು, ಪ್ಲೇಗು, ಸಾವು. ಆದರೂ ಮೈಸೂರು ಸೀಮೆಯಲ್ಲಿ ಮಾರಪ್ಪ, ಮಾರಮ್ಮ ಎಂದು ಹೆಸರಿಟ್ಟ ಮನೆಗಳು ಎಷ್ಟಿಲ್ಲ! ಮಗು ಸಾಯಲಿ ಅಂತ ಯಾರೂ ಹಾಗೆ ಇಟ್ಟಿಲ್ಲ. ಆ ತಾಯಿ ಕಾಯಲಿ ಅಂತ ಇಟ್ಟರು. ದೊಲೋರೆಸ್ ಹುಟ್ಟಿದ್ದೂ ಇದೇ ಬಗೆಯ ನಂಬಿಕೆಯಲ್ಲಿ.

ಸ್ಪೇನಿನಲ್ಲಿ ಇಂಥ ಹೆಸರುಗಳ ದೊಡ್ಡ ಸಾಲೇ ಇದೆ. ಸೊಲೆದಾದ್ ಅಂದರೆ ಒಂಟಿತನ. ಅಂಗೂಸ್ತಿಯಾಸ್ ಅಂದರೆ ಸಂಕಟಗಳು, ಗ್ರನಾದಾ ನಗರವನ್ನು ಕಾಯುವ ತಾಯಿಯ ಹೆಸರು ಅದು. ಕೊನ್ಸುವೆಲೋ ಅಂದರೆ ಸಾಂತ್ವನ, ರೆಮೇದಿಯೋಸ್ ಅಂದರೆ ಪರಿಹಾರಗಳು, ನಿಯೇವೆಸ್ ಅಂದರೆ ಹಿಮ. ಪಿಲಾರ್ ಅಂದರೆ ಕಂಬ. ಸರಗೋಸಾ ಊರಿನಲ್ಲಿ ಮೇರಿ ಮಾತೆ ಕಂಬವೊಂದರ ಮೇಲೆ ಕಾಣಿಸಿಕೊಂಡಳು ಅನ್ನುವ ನಂಬಿಕೆಯಿಂದ ಬಂದದ್ದು. ನೀವಿರುವ ವಲೆನ್ಸಿಯಾದ ಹೆಸರಂತೂ ಅಂಪಾರೋ, ಆಸರೆ ಎಂದು ಅರ್ಥ. ಅಲ್ಲಿನ ಕಾಪುದೇವಿ ದಿಕ್ಕಿಲ್ಲದವರ ತಾಯಿ. ಇವೆಲ್ಲ ಮೊದಲು 'ಮರೀಯಾ ದೆ...' ಎಂದು ಶುರುವಾದ ಹೆಸರುಗಳು. ದಿನಬಳಕೆಯಲ್ಲಿ ಮರೀಯಾ ಉದುರಿ ಬಿರುದು ಮಾತ್ರ ಉಳಿಯಿತು. ಅದಕ್ಕೇ ಕೊನ್ಸುವೆಲೋ, ಅಂಪಾರೋ, ರೊಸಾರಿಯೋ ಹೀಗೆ 'ಓ' ಕಾರದಲ್ಲಿ ಮುಗಿಯುವ ಹೆಸರುಗಳೂ ಅಲ್ಲಿ ಹೆಣ್ಣುಮಕ್ಕಳವು. ಈ ಸಂಪ್ರದಾಯದ ಪೋರ್ಚುಗೀಸ್ ಕವಲು ನಮ್ಮ ಕರಾವಳಿಗೂ ಬಂದಿದೆ. ಮಂಗಳೂರಿನ ರೊಸಾರಿಯೋ ಮತ್ತು ಮಿಲಾಗ್ರಿಸ್ ಚರ್ಚುಗಳ ಹೆಸರು ಮೇರಿ ಮಾತೆಯ ಬಿರುದುಗಳೇ. ನೋವುಗಳ ಮಾತೆಗೂ ನಮ್ಮ ಕಡೆ ಗುಡಿಗಳಿವೆ. ಕಾಸರಗೋಡಿನ ಬೇಳದಲ್ಲಿ ಶೋಕಮಾತಾ ಚರ್ಚ್ ಇದೆ. ಕೇರಳದ ತ್ರಿಶೂರಿನ ದೊಡ್ಡ ಬೆಸಿಲಿಕಾ ವ್ಯಾಕುಲ ಮಾತೆಯದ್ದು.

ಈ ಭಕ್ತಿ ಶುರುವಾದದ್ದು ಸ್ಪೇನಿನಲ್ಲಿ ಅಲ್ಲ. ಇಟಲಿಯ ಫ್ಲಾರೆನ್ಸ್ ನಗರದ ಏಳು ಜನ ವ್ಯಾಪಾರಸ್ಥರು 1233ರಲ್ಲಿ ಊರು ಬಿಟ್ಟು ಸನ್ಯಾಸಿಗಳಾದರು. ಅವರ ಪಂಥಕ್ಕೆ ಸರ್ವೈಟ್ ಎಂದು ಹೆಸರು. ಮೇರಿ ಮಾತೆಯ ನೋವುಗಳ ಧ್ಯಾನವನ್ನು ಹೆಚ್ಚಾಗಿ ಹರಡಿದವರು ಇವರು. ಜರ್ಮನಿಯ ಕೊಲೋನ್‌ನಲ್ಲಿ 1423ರಲ್ಲಿ ಇದಕ್ಕೊಂದು ಹಬ್ಬದ ದಿನ ಗೊತ್ತಾಯಿತು. ಸೆಪ್ಟೆಂಬರ್ ತಿಂಗಳ ಹಬ್ಬ ಸ್ಪೇನಿಗೆ ಅಧಿಕೃತವಾಗಿ ಬಂದದ್ದು 1735ರಲ್ಲಿ, ಇಡೀ ಕ್ಯಾಥೊಲಿಕ್ ಚರ್ಚಿಗೆ ಬಂದದ್ದು 1814ರಲ್ಲಿ. ಅದು ಸೆಪ್ಟೆಂಬರ್ 15ಕ್ಕೆ ನಿಂತದ್ದು 1913ರಲ್ಲಿ. ಇದಲ್ಲದೆ ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರಕ್ಕೆ ಎರಡು ದಿನ ಮೊದಲು ಬರುವ 'ನೋವುಗಳ ಶುಕ್ರವಾರ' ಇನ್ನೂ ಹಳೆಯದು. ಹಳಬರು ಇದನ್ನೇ ದೊಲೋರೆಸ್‌ಗಳ ಹೆಸರಿನ ದಿನ ಅನ್ನುತ್ತಾರೆ. ಸ್ಪೇನಿನಲ್ಲಿ ಹುಟ್ಟುಹಬ್ಬದ ಹಾಗೆ ಹೆಸರಿನ ದಿನಕ್ಕೂ ಶುಭಾಶಯ ಹೇಳುವ ರೂಢಿ ಇದೆ. ಆ ಶುಕ್ರವಾರ ನಿಮ್ಮ ಅಜ್ಜಿಯ ಫೋನು ಬೆಳಿಗ್ಗೆಯಿಂದ ಹೊಡೆದುಕೊಳ್ಳುತ್ತಿದ್ದರೆ ಆಶ್ಚರ್ಯವಿಲ್ಲ.

ನಿಮ್ಮ ಗಂಡನ ಊರಿನ ಕಡೆಯೇ ಈ ಹೆಸರಿಗೆ ಎಂಥ ಮುಖ ಇದೆ ಅನ್ನುವುದನ್ನು ನೀವು ಕಣ್ಣಾರೆ ನೋಡಬೇಕು. ಮುರ್ಸಿಯಾದವನೇ ಆದ ಶಿಲ್ಪಿ ಫ್ರಾನ್ಸಿಸ್ಕೋ ಸಲ್ಸಿಯೋ 1750ರ ದಶಕದಲ್ಲಿ ಮರದಲ್ಲಿ ಕೆತ್ತಿದ 'ದೊಲೊರೋಸಾ' ಅಲ್ಲಿದೆ. ಶುಭ ಶುಕ್ರವಾರದ ಬೆಳಿಗ್ಗೆ ಅದನ್ನು ಹೆಗಲ ಮೇಲೆ ಹೊತ್ತು ಬೀದಿಗೆ ತರುತ್ತಾರೆ. ಸ್ಪೇನಿನ ಎಷ್ಟೋ ಪ್ರತಿಮೆಗಳಲ್ಲಿ ಈ ತಾಯಿ ಕಪ್ಪು ವೆಲ್ವೆಟ್ ಹೊದ್ದು, ಕೈಯಲ್ಲಿ ಲೇಸಿನ ಕರವಸ್ತ್ರ ಹಿಡಿದು, ಕೆನ್ನೆಯ ಮೇಲೆ ಗಾಜಿನ ಕಣ್ಣೀರಿನೊಂದಿಗೆ ನಿಂತಿರುತ್ತಾಳೆ. ಸಲ್ಸಿಯೋನ ತಾಯಿ ಬೇರೆ ಥರ. ಮುಖ ಮೇಲೆತ್ತಿ, ಎರಡೂ ಕೈ ಅಗಲಿಸಿ ಆಕಾಶವನ್ನು ಪ್ರಶ್ನೆ ಕೇಳುವವಳಂತೆ ಕಾಣುತ್ತಾಳೆ. ನನಗೆ ಅದರಲ್ಲಿ ಸೋತ ಹೆಂಗಸು ಕಾಣುವುದಿಲ್ಲ. ಮುರ್ಸಿಯಾದ ಈ ಮೆರವಣಿಗೆಗಳಲ್ಲಿ ಪ್ರತಿಮೆ ಹೊರುವವರು ತಮ್ಮ ನಿಲುವಂಗಿಯ ಮುಂಭಾಗದಲ್ಲಿ ಮಿಠಾಯಿ ತುಂಬಿಕೊಂಡು, ದಾರಿಯಲ್ಲಿ ನಿಂತ ಮಕ್ಕಳಿಗೆ ಹಂಚುತ್ತಾ ಹೋಗುತ್ತಾರೆ. ಶೋಕದ ದಿನ, ಆದರೂ ಮಕ್ಕಳ ಜೇಬು ತುಂಬುತ್ತದೆ.

ಸ್ಪೇನಿನಿಂದ ಮೆಕ್ಸಿಕೋಗೆ ಹೋದ ಈ ಆಚರಣೆ ಅಲ್ಲಿ ಇನ್ನಷ್ಟು ಮನೆಮಾತಾಯಿತು. ನೋವುಗಳ ಶುಕ್ರವಾರ ಮನೆಯಲ್ಲೇ ಒಂದು ಪೀಠ ಕಟ್ಟುತ್ತಾರೆ. ನೇರಳೆ ಬಟ್ಟೆ ಹಾಸಿ, ಕತ್ತಲಲ್ಲಿ ಮೊಳಕೆ ಬರಿಸಿದ ತಿಳಿಹಳದಿ ಗೋಧಿ ಸಸಿಗಳನ್ನು ಇಟ್ಟು, ಕಹಿ ಕಿತ್ತಳೆಗಳಿಗೆ ಚಿನ್ನದ ಬಣ್ಣದ ಪುಟ್ಟ ಬಾವುಟ ಚುಚ್ಚುತ್ತಾರೆ. ನೆರೆಯವರು ಬಾಗಿಲಲ್ಲಿ ನಿಂತು 'ಅಮ್ಮ ಅತ್ತಾಯಿತಾ?' ಎಂದು ಕೇಳುತ್ತಾರೆ. ಮನೆಯವರು ಅವರಿಗೆ ಲೋಟದಲ್ಲಿ ಹಣ್ಣಿನ ಪಾನಕ ಕೊಡುತ್ತಾರೆ. ಅದೇ ಆ ತಾಯಿಯ ಕಣ್ಣೀರು ಅಂತ ಲೆಕ್ಕ. ಮೆಕ್ಸಿಕೋದ ಸ್ವಾತಂತ್ರ್ಯ ಹೋರಾಟ ಶುರುವಾದದ್ದೂ ಈ ಹೆಸರಿನ ಊರಲ್ಲೇ. 1810ರ ಸೆಪ್ಟೆಂಬರ್ 16ರ ಬೆಳಗಿನ ಜಾವ ಪಾದ್ರಿ ಮಿಗೆಲ್ ಇದಾಲ್ಗೋ ದೊಲೋರೆಸ್ ಊರಿನ ಜನರನ್ನು ಕರೆದು ದಂಗೆಗೆ ಕೂಗು ಹಾಕಿದರು. 'ದೊಲೋರೆಸ್ ಕೂಗು' ಅಂದರೆ ಮೆಕ್ಸಿಕೋದ ಮಕ್ಕಳಿಗೆ ನೋವಿನ ಕೂಗು ಅಂತ ಕೇಳಿಸುವುದಿಲ್ಲ, ಸ್ವಾತಂತ್ರ್ಯದ ಕೂಗು ಅಂತಲೇ ಕೇಳಿಸುವುದು.

ಅಪ್ಪ ಅಮ್ಮಂದಿರು ಇದನ್ನೇ ಯಾಕೆ ಆರಿಸುತ್ತಿದ್ದರು ಅಂತ ನನ್ನನ್ನು ಕೇಳಿದರೆ, ಹಿಂದಿನ ಕಾಲದ ಬಾಣಂತಿ ಕೋಣೆಯನ್ನು ನೆನೆಯಿರಿ ಅನ್ನುತ್ತೇನೆ. ಹೆತ್ತ ಮಕ್ಕಳಲ್ಲಿ ಒಂದೆರಡನ್ನಾದರೂ ಮಣ್ಣಿಗೆ ಕೊಡದ ತಾಯಿ ಆಗ ಅಪರೂಪ. ಅಂಥವಳಿಗೆ ಮೊರೆಯಿಡಲು ಬೇಕಿದ್ದದ್ದು ಮಗುವನ್ನು ಕಳೆದುಕೊಂಡ ಸಂಕಟ ಗೊತ್ತಿರುವ ದೇವಿ. ಹಾಗಾಗಿ ಬದುಕಿ ಉಳಿದ ಮಗಳನ್ನು ಅವಳ ಹೆಸರಿನಲ್ಲಿ ಅವಳ ಕೈಗೇ ಒಪ್ಪಿಸಿದರು. ಈ ಹೆಸರಿನ ಒಳಗೆ ಹೆಂಗಸರ ನೋವಿಗೆ ಒಂದು ಗೌರವದ ಜಾಗ ಇದೆ. ನನಗೆ ಈ ಹೆಸರು ಇಷ್ಟವಾಗುವುದು ಅದಕ್ಕೇ. ಇದನ್ನು ನಿಮ್ಮ ಮುಂದೆ ಮುಚ್ಚಿಟ್ಟುಕೊಂಡು ಮಾತಾಡಲಾರೆ.

ಈಗ ತಪ್ಪು ತಿಳಿವಳಿಕೆಗಳ ಕಡೆ ಬರೋಣ. ತಾಯಿಗೆ ಹೆರಿಗೆ ತುಂಬಾ ಕಷ್ಟವಾದರೆ ಮಗುವಿಗೆ ದೊಲೋರೆಸ್ ಎಂದು ಇಡುತ್ತಿದ್ದರು ಅಂತ ಕೆಲವರು ಹೇಳುತ್ತಾರೆ. ಕೇಳಲು ನಿಜ ಅನ್ನಿಸುತ್ತದೆ, ಆದರೆ ಹೆಸರು ಬೆಳೆದ ದಾರಿ ಅದಲ್ಲ. ಆ ಹಬ್ಬದ ಆಸುಪಾಸಿನಲ್ಲಿ ಹುಟ್ಟಿದ್ದು, ಊರಿನ ಚರ್ಚಿನ ತಾಯಿ ಅದೇ ಆಗಿದ್ದದ್ದು, ಎಲ್ಲಕ್ಕಿಂತ ಹೆಚ್ಚಾಗಿ ಅಜ್ಜಿಗೋ ಅತ್ತೆಗೋ ಅದೇ ಹೆಸರು ಇದ್ದದ್ದು, ಇವೇ ಸಾಮಾನ್ಯ ಕಾರಣಗಳು. ಇನ್ನು ಕೆಲವರು ಸ್ಪ್ಯಾನಿಷ್ ಜನರಿಗೆ ಅದರ ಅರ್ಥ ಕಿವಿಗೆ ಬೀಳುವುದೇ ಇಲ್ಲ ಅನ್ನುತ್ತಾರೆ. ಅದೂ ಪೂರ್ತಿ ನಿಜವಲ್ಲ. ಫುಯೆರ್ತೆಸ್ ಅಂತ ಒಂದು ಮನೆತನದ ಹೆಸರಿದೆ, 'ಜೋರಾದ' ಎಂದು ಅರ್ಥ. ಬರೀಗಾ ಅಂದರೆ ಹೊಟ್ಟೆ. 'ದೊಲೋರೆಸ್ ಫುಯೆರ್ತೆಸ್ ದೆ ಬರೀಗಾ' ಅಂದರೆ ಜೋರಾದ ಹೊಟ್ಟೆನೋವು! ಸ್ಪೇನಿನ ಮಕ್ಕಳೆಲ್ಲ ಹೇಳಿ ನಗುವ ಹಳೇ ಚಟಾಕಿ ಇದು. ಅಂದರೆ ಕೇಳಬೇಕು ಅಂದಾಗ ಅವರಿಗೂ ಅರ್ಥ ಕೇಳಿಸುತ್ತದೆ. ಮಿಕ್ಕ ಹೊತ್ತು ಅದು ಪರಿಚಯದ ಹೆಂಗಸೊಬ್ಬರ ಹೆಸರು, ಅಷ್ಟೇ. ನಿಮ್ಮ ಮನೆತನದ ಹೆಸರು ಫುಯೆರ್ತೆಸ್ ಅಲ್ಲ ತಾನೇ? ಹಾಗಾದರೆ ಶಾಲೆಯಲ್ಲಿ ಕೀಟಲೆ ಒಂದು ವಾರಕ್ಕಿಂತ ಜಾಸ್ತಿ ಬಾಳುವುದಿಲ್ಲ ಅಂದುಕೊಳ್ಳಿ.

ಹೆಸರಿನಂತೆ ಬಾಳು ಅನ್ನುವ ಭಯ ಇನ್ನೂ ಆಳದ್ದು, ಅದನ್ನು ಹಗುರವಾಗಿ ತಳ್ಳಿಹಾಕುವುದಿಲ್ಲ. ಆದರೆ 'ಹೆಸರು ಕ್ಷೀರಸಾಗರ ಭಟ್ಟ, ಮಜ್ಜಿಗೆಗೂ ಗತಿಯಿಲ್ಲ' ಎಂದು ನಮ್ಮವರೇ ಗಾದೆ ಕಟ್ಟಿಟ್ಟಿದ್ದಾರೆ. ಈ ಹೆಸರು ಹೊತ್ತವರನ್ನೇ ನೋಡಿ. ಹೆರೇಸ್ ಊರಲ್ಲಿ 1923ರಲ್ಲಿ ಹುಟ್ಟಿದ ಮರೀಯಾ ದೊಲೋರೆಸ್ ಫ್ಲೋರೆಸ್, ಲೋಲಾ ಫ್ಲೋರೆಸ್ ಎಂಬ ಹೆಸರಿನಲ್ಲಿ ಹಾಡಿ ಕುಣಿದು ಇಡೀ ಸ್ಪೇನನ್ನೇ ಕುಣಿಸಿದರು. ಮೆಕ್ಸಿಕೋದ ದೊಲೋರೆಸ್ ದೆಲ್ ರಿಯೋ ಹಾಲಿವುಡ್‌ನಲ್ಲಿ ತಾರೆಯಾದರು. 1920 ಮತ್ತು 30ರ ದಶಕಗಳಲ್ಲಿ ಅಮೆರಿಕದಲ್ಲೂ ಈ ಹೆಸರು ತುಂಬಾ ಚಾಲ್ತಿಯಲ್ಲಿತ್ತು. ಇನ್ನೊಬ್ಬರು ದೊಲೋರೆಸ್ ಇಬಾರ್‌ರೂರಿ. ಬಾಸ್ಕ್ ಗಣಿ ಸೀಮೆಯಲ್ಲಿ 1895ರಲ್ಲಿ ಹುಟ್ಟಿದ ಕಮ್ಯುನಿಸ್ಟ್ ನಾಯಕಿ. 1936ರ ಅಂತರ್ಯುದ್ಧದಲ್ಲಿ 'ನೋ ಪಸರಾನ್', ಅವರನ್ನು ಒಳಗೆ ಬಿಡುವುದಿಲ್ಲ, ಎಂದು ರೇಡಿಯೋದಲ್ಲಿ ಗುಡುಗಿದ ದನಿ ಅವರದ್ದು. ಅವರ ಆರು ಮಕ್ಕಳಲ್ಲಿ ನಾಲ್ವರು ಹೆಣ್ಣುಮಕ್ಕಳು ಚಿಕ್ಕಂದಿನಲ್ಲೇ ತೀರಿಕೊಂಡರು. ಮಗ 1942ರಲ್ಲಿ ಸ್ತಾಲಿನ್‌ಗ್ರಾಡ್ ಯುದ್ಧದಲ್ಲಿ ಸತ್ತ. ನೋವೇ ಆಯಿತಲ್ಲ ಅಂತ ನಿಮ್ಮ ಅಮ್ಮ ಅನ್ನಬಹುದು. ಆದರೆ ಆ ಹೆಣ್ಣುಮಕ್ಕಳನ್ನು ಕೊಂಡೊಯ್ದದ್ದು ಗಣಿ ಕೇರಿಯ ಬಡತನ, ಮಗನನ್ನು ಕೊಂಡೊಯ್ದದ್ದು ಯುದ್ಧ. ಅದೇ ಕೇರಿಯಲ್ಲಿ ಬೇರೆ ಬೇರೆ ಹೆಸರಿನ ತಾಯಂದಿರೂ ಅಷ್ಟೇ ಮಕ್ಕಳನ್ನು ಕಳೆದುಕೊಳ್ಳುತ್ತಿದ್ದರು. ಅಂದಹಾಗೆ ದೇವರನ್ನು ನಂಬದ ಈ ನಾಯಕಿ ಮೇರಿ ಮಾತೆಯ ಹೆಸರನ್ನು ಕೊನೆತನಕ ಹೊತ್ತರು. ಹೆಸರಿನ ಬೇರು ಕ್ರೈಸ್ತರದ್ದೇ ಆದರೂ ಹೆಸರಿಟ್ಟ ಮಾತ್ರಕ್ಕೆ ಮಗುವಿನ ಧರ್ಮ ತೀರ್ಮಾನವಾಗುವುದಿಲ್ಲ.

ನಿಮ್ಮ ಅಮ್ಮ ಹೇಳಿದ ತಾರಾ ಬಗ್ಗೆಯೂ ಒಂದು ವಿಷಯ ಹೇಳಬೇಕು. ಸ್ಪ್ಯಾನಿಷ್‌ನಲ್ಲಿ 'ತಾರಾ' ಅಂದರೆ ದೋಷ, ಊನ. ಅಂಗಡಿಯಲ್ಲಿ ಬಟ್ಟೆಗೆ ಕುಂದಿದ್ದರೆ ಈ ಪದ ಬಳಸುತ್ತಾರೆ. ನಮ್ಮಲ್ಲಿ ಹೂವಿನ ಹಾರ ಎನ್ನುವ ಮಾಲಾ ಅಲ್ಲಿ 'ಕೆಟ್ಟವಳು'. ಹಾಗಂತ ತಾರಾ ಹೆಸರಿನ ಮಕ್ಕಳು ಸ್ಪೇನಿನಲ್ಲಿ ಇಲ್ಲವೇ ಇಲ್ಲ ಅಂತಲ್ಲ, ಇದ್ದಾರೆ, ಚೆನ್ನಾಗಿಯೇ ಇದ್ದಾರೆ. ಆದರೆ ನಿಮ್ಮ ಅತ್ತೆಗೆ ತಾರಾ ಹೇಗೆ ಕೇಳಿಸಬಹುದೋ ನಿಮ್ಮ ಅಮ್ಮನಿಗೆ ದೊಲೋರೆಸ್ ಹಾಗೇ ಕೇಳಿಸಿದೆ. ಈ ಒಂದು ಮಾತನ್ನು ಎರಡೂ ಮನೆಯಲ್ಲಿ ಹೇಳಿ ನೋಡಿ. ಬಿಗಿದುಕೊಂಡ ವಾತಾವರಣ ಇದರಿಂದಲೇ ಸಡಿಲವಾದದ್ದನ್ನು ನಾನು ಕಂಡಿದ್ದೇನೆ.

ಕನ್ನಡದ ಹೆಸರು ಆರಿಸುವಾಗ ಉಚ್ಚಾರವನ್ನೂ ಗಮನಿಸಿ. ಇಂಗ್ಲಿಷ್ ಜೆ ಅಕ್ಷರದಿಂದ ಬರೆದ ಜಾನಕಿ ಅಲ್ಲಿ 'ಹಾನಕಿ' ಆಗುತ್ತಾಳೆ. ಎಚ್ ಅಕ್ಷರಕ್ಕೆ ದನಿಯೇ ಇಲ್ಲ, ಹಾಗಾಗಿ ಹರಿಣಿ 'ಅರಿನಿ'. ವಾಣಿ 'ಬಾನಿ'. ಮಾಯಾ, ಅನಿತಾ, ನೀಲಾ, ಅಮಲಾ ಇವು ಎರಡೂ ಕಡೆ ಹೆಚ್ಚು ಕೆಡುವುದಿಲ್ಲ. ಹಾಗೆಯೇ ನಮ್ಮವರು ಇಂಗ್ಲಿಷ್ ಅಭ್ಯಾಸದಿಂದ 'ಡೊಲೊರೆಸ್' ಅನ್ನುತ್ತಾರೆ. ಸ್ಪ್ಯಾನಿಷ್‌ನಲ್ಲಿ ಅದು ನಮ್ಮ ದಕಾರಕ್ಕೆ ಹತ್ತಿರ, ಒತ್ತು 'ಲೋ' ಮೇಲೆ. ದೊಲೋರೆಸ್ ಎಂದು ಮೆಲ್ಲಗೆ ಹೇಳಿ ನೋಡಿ. ನಿಮ್ಮ ಅಮ್ಮನ ಬಾಯಿಗೆ ಇಂಗ್ಲಿಷರಿಗಿಂತ ಚೆನ್ನಾಗಿ ಬರುತ್ತದೆ.

ಇನ್ನು ಲೋಲಾ. ಇದು ಬೇರೆ ಹೆಸರಲ್ಲ, ದೊಲೋರೆಸ್ ಅನ್ನುವ ಹೆಸರು ಮಕ್ಕಳ ತೊದಲು ಬಾಯಲ್ಲಿ ಚಿಕ್ಕದಾಗಿ ಆದದ್ದು. ಸ್ಪ್ಯಾನಿಷ್‌ನಲ್ಲಿ ಇಂಥವು ಬೇಕಾದಷ್ಟಿವೆ. ರೊಸಾರಿಯೋ ಚಾರೋ ಆಗುತ್ತಾಳೆ, ಕೊನ್ಸುವೆಲೋ ಚೆಲೋ ಆಗುತ್ತಾಳೆ, ಫ್ರಾನ್ಸಿಸ್ಕೋ ಪಾಕೋ ಆಗುತ್ತಾನೆ. ಮರೀಯಾ ದೊಲೋರೆಸ್‌ಗೆ ಲೋಲಿ, ಲೋಲೆಸ್, ಮರಿಲೋ ಎಂಬ ರೂಪಗಳೂ ಇವೆ. ಕನ್ನಡದಲ್ಲಿ 'ಲೋಲ' ಅಂದರೆ ಚಂಚಲ, 'ಸ್ತ್ರೀಲೋಲ' ಅನ್ನುವ ಮಾತು ಯಾರಿಗಾದರೂ ನೆನಪಾದೀತು. ಆದರೆ ಲಲಿತಾ ಸಹಸ್ರನಾಮ ಓದುವವರಿಗೆ 'ತ್ರಿನಯನಾ ಲೋಲಾಕ್ಷೀ' ಕೂಡ ಗೊತ್ತಿರುತ್ತದೆ ಅಲ್ವಾ? ನಿಮ್ಮ ಅಮ್ಮನಿಗೆ ಈ ದಾರಿ ಹಿಡಿಸಬಹುದು. ಮೊಮ್ಮಗಳನ್ನು ಅವರು ಲೋಲಾಕ್ಷಿ ಅಂತ ಕರೆದರೆ ಯಾರೂ ಬೇಡ ಅನ್ನುವುದಿಲ್ಲ. ಲೋಲಿತಾ ಎಂಬ ಮುದ್ದಿನ ರೂಪ ಮಾತ್ರ ಬೇಡ. 1955ರಲ್ಲಿ ಬಂದ ಇಂಗ್ಲಿಷ್ ಕಾದಂಬರಿಯೊಂದರ ಕಾರಣ ಆ ಪದಕ್ಕೆ ಹೊರಜಗತ್ತಿನಲ್ಲಿ ಅಸಹ್ಯವಾದ ನೆರಳು ಬಿದ್ದಿದೆ. ಸ್ಪೇನಿನ ಅಜ್ಜಿಯಂದಿರು ಇಂದಿಗೂ ಮುಗ್ಧವಾಗಿ ಹಾಗೆ ಕರೆಯುತ್ತಾರೆ, ಮನೆಯೊಳಗೆ ಪರವಾಗಿಲ್ಲ. ಕಾಗದಕ್ಕೆ ಏರಿಸಬೇಡಿ.

ಬರೀ ಲೋಲಾ ಅಂತ ಬರೆಸಬಹುದೇ ಎಂದು ಕೇಳಿದ್ದೀರಿ. ಬರೆಸಬಹುದು. ಮೊದಲು ಇಂಥ ಚಿಕ್ಕ ರೂಪಗಳಿಗೆ ನೋಂದಣಿಯಲ್ಲಿ ಅಡ್ಡಿ ಇತ್ತು. 2007ರ ಕಾನೂನು ಅದನ್ನು ತೆಗೆದುಹಾಕಿತು. ಈಗ ಸ್ಪೇನಿನಲ್ಲಿ ಹೊಸದಾಗಿ ಹುಟ್ಟುವ ಮಕ್ಕಳಲ್ಲಿ ಲೋಲಾ ಚೆನ್ನಾಗಿ ಚಾಲ್ತಿಯಲ್ಲಿದೆ, ದೊಲೋರೆಸ್ ಮಾತ್ರ ಅಪರೂಪ. ದೊಲೋರೆಸ್ ಅಂದರೆ ವಯಸ್ಸಾದವರ ಹೆಸರು ಅನ್ನುವ ಭಾವನೆ ಬಂದುಬಿಟ್ಟಿದೆ. ಸ್ಪೇನಿನ ರಾಷ್ಟ್ರೀಯ ಅಂಕಿಅಂಶ ಸಂಸ್ಥೆ ಪ್ರತಿ ಹೆಸರಿಗೂ ಎಷ್ಟು ಜನ, ಅವರ ಸರಾಸರಿ ವಯಸ್ಸು ಎಷ್ಟು ಎಂದು ತೋರಿಸುತ್ತದೆ. ಎರಡನ್ನೂ ಹಾಕಿ ನೋಡಿ, ಅಂತರ ನಿಮಗೇ ಕಾಣುತ್ತದೆ. ಲೋಲಾ ಬರೆಸಿದರೆ ನಿಮ್ಮ ಅಮ್ಮ ನಿರಾಳ, ಮಗು ತನ್ನ ಓರಗೆಯವರ ಜೊತೆ ಹೊಂದಿಕೊಳ್ಳುತ್ತಾಳೆ. ತೊಡಕು ಒಂದೇ. ಹಳೇ ಮನೆತನಗಳಲ್ಲಿ ಕೆಲವರಿಗೆ ಪೂರ್ತಿ ಹೆಸರಿಲ್ಲದ ಮುದ್ದಿನ ಹೆಸರು ಅರ್ಧಂಬರ್ಧ ಅನ್ನಿಸುತ್ತದೆ. ನಿಮ್ಮ ಅತ್ತೆಗೆ ಬೇಕಾದದ್ದು ಅಜ್ಜಿಯನ್ನು ಕರೆಯುವ ಹೆಸರೋ, ಅಜ್ಜಿಯ ಚೀಟಿಯಲ್ಲಿರುವ ಹೆಸರೋ? ಊಹಿಸಬೇಡಿ, ಕೇಳಿಬಿಡಿ. ಅಜ್ಜಿ ಇರುವಾಗ ಅವರನ್ನೇ ಕೇಳುವುದು ಇನ್ನೂ ಒಳ್ಳೆಯದು. ದೊಲೋರೆಸ್ ಅನ್ನಿಸಿಕೊಂಡು ಬದುಕಿದ್ದು ಅವರೇ ತಾನೇ?

ದೊಲೋರೆಸ್ ಎಂದೇ ಬರೆಸುವುದೂ ಒಂದು ದಾರಿ. ವಲೆನ್ಸಿಯಾದ ಭಾಷೆಯಲ್ಲಿ ಇದರ ರೂಪ ದೊಲೋರ್ಸ್. ಸ್ಪೇನಿನ ಹೊರಗೆ ಓದಲು ಹೋದರೆ ಇಂಗ್ಲಿಷ್ ಮಕ್ಕಳ ಕಾದಂಬರಿ ಸರಣಿಯೊಂದರ ದುಷ್ಟ ಮೇಡಂ ಹೆಸರು ಅಂತ ಯಾರಾದರೂ ಛೇಡಿಸಬಹುದು, ಅದಕ್ಕಿಂತ ದೊಡ್ಡ ಅಪಾಯ ನನಗೆ ಕಾಣುವುದಿಲ್ಲ. ಮುಂದೆ ಮಗಳಿಗೆ ಇಷ್ಟವಾಗದೆ ಲೋಲಾ ಎಂದೇ ಬಳಸುತ್ತಾ ಬಂದರೆ, ಆ ರೂಢಿಯನ್ನು ದಾಖಲೆಗಳಿಂದ ತೋರಿಸಿ ನೋಂದಣಿ ಕಚೇರಿಯಲ್ಲೇ ಬದಲಿಸಿಕೊಳ್ಳಬಹುದು. ಆದರೆ ನಿಮ್ಮ ಮನಸ್ಸು ಒಪ್ಪದೆ, ಬರೀ ಅತ್ತೆಯ ಬೇಜಾರಿಗೆ ಹೆದರಿ ಈ ಹೆಸರು ಇಡಬೇಡಿ. ದಿನಕ್ಕೆ ಹತ್ತಾರು ಸಲ ಆ ಹೆಸರು ಕೂಗಬೇಕಾದವರು ನೀವು. ಪ್ರತಿ ಜ್ವರಕ್ಕೂ ಹೆಸರಿನ ಕಡೆ ಬೆರಳು ಹೋಗುವಂತಿದ್ದರೆ ಅದು ಮಗುವಿಗೂ ಒಳ್ಳೆಯದಲ್ಲ.

ನನ್ನನ್ನು ಕೇಳಿದರೆ ಮೊದಲು ಒಂದು ಕನ್ನಡದ ಹೆಸರು, ಆಮೇಲೆ ದೊಲೋರೆಸ್. ಮಾಯಾ ದೊಲೋರೆಸ್, ಅಮಲಾ ದೊಲೋರೆಸ್, ಹೀಗೆ. ನಾಮಕರಣದಲ್ಲಿ ನಕ್ಷತ್ರದ ಹೆಸರು, ಮನೆದೇವರ ಹೆಸರು, ಕರೆಯುವ ಹೆಸರು ಅಂತ ಒಂದಕ್ಕಿಂತ ಹೆಚ್ಚು ಹೆಸರಿಡುವುದು ನಮ್ಮವರಿಗೆ ಹೊಸದಲ್ಲ. ಅಜ್ಜಿಯ ಹೆಸರು ಕಾಗದದಲ್ಲಿ ಗೌರವದಿಂದ ಉಳಿಯುತ್ತದೆ, ಮನೆಯಲ್ಲಿ ಲೋಲಾ ಅಂತಲೋ ಮಾಯಾ ಅಂತಲೋ ಯಾರಿಗೆ ಹೇಗೆ ಬೇಕೋ ಹಾಗೆ ಕರೆಯಬಹುದು. ಮಗಳು ದೊಡ್ಡವಳಾದ ಮೇಲೆ ಎರಡರಲ್ಲಿ ತನಗೆ ಬೇಕಾದದ್ದನ್ನು ಮುಂದೆ ಮಾಡಿಕೊಳ್ಳುತ್ತಾಳೆ. ಒಂದು ಎಚ್ಚರಿಕೆ ಇದೆ. ಸ್ಪೇನಿನ 2011ರ ನೋಂದಣಿ ಕಾನೂನಿನ ಪ್ರಕಾರ ಎರಡು ಬಿಡಿ ಹೆಸರು ಅಥವಾ ಒಂದು ಜೋಡಿ ಹೆಸರು, ಇದಕ್ಕಿಂತ ಹೆಚ್ಚು ಇಡುವಂತಿಲ್ಲ. ಮರೀಯಾ ದೊಲೋರೆಸ್ ಆಗಲೇ ಜೋಡಿ ಹೆಸರು. ಅದರ ಮುಂದೆ ಮಾಯಾ ಸೇರಿಸಲು ಬರುವುದಿಲ್ಲ. ಕನ್ನಡದ ಹೆಸರು ಬೇಕಾದರೆ ಮರೀಯಾ ಬಿಡಬೇಕು. ಇದನ್ನು ಅತ್ತೆಗೆ ಈಗಲೇ ಹೇಳಿಡಿ, ಆಸ್ಪತ್ರೆಯಲ್ಲಿ ಹೇಳುವ ಹಾಗಾಗಬಾರದು.

ಕಾಗದಪತ್ರಗಳ ವಿಷಯದಲ್ಲಿ ಹೆಸರಿನ ಅರ್ಥದಿಂದ ಏನೂ ತೊಡಕಿಲ್ಲ. ತೊಡಕು ಬರುವುದು ಬರೆಯುವ ರೀತಿಯಿಂದ. ಸ್ಪೇನಿನವರು ಮರೀಯಾ ಅನ್ನುವುದನ್ನು ಚಿಕ್ಕದಾಗಿ ದೊಡ್ಡ ಎಮ್ ಅಕ್ಷರ, ಅದರ ಪಕ್ಕ ಮೇಲಕ್ಕೆ ಒಂದು ಪುಟ್ಟ ಎ ಹಾಕಿ ಬರೆಯುತ್ತಾರೆ. ಸ್ಪೇನಿನಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಭಾರತದ ಕಚೇರಿಗೆ ಬಂದರೆ 'ಒಂದರಲ್ಲಿ ಎಮ್ ದೊಲೋರೆಸ್, ಇನ್ನೊಂದರಲ್ಲಿ ಮರಿಯಾ ದೊಲೋರೆಸ್, ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ತನ್ನಿ' ಅನ್ನುತ್ತಾರೆ. ಮರೀಯಾ ಇಡುವುದಾದರೆ ಎಲ್ಲ ಕಡೆ ಪೂರ್ತಿ ಅಕ್ಷರಗಳಲ್ಲೇ ಬರೆಸಿ. ವಿದೇಶಿ ಪೌರತ್ವ ಇರುವ ಭಾರತೀಯ ಮೂಲದವರಿಗೆ ಭಾರತ ಕೊಡುವ ಓಸಿಐ ಕಾರ್ಡಿಗೆ ಅರ್ಜಿ ಹಾಕುವಾಗ ಸ್ಪೇನಿನ ಪಾಸ್‌ಪೋರ್ಟಿನಲ್ಲಿ ಇರುವ ಹೆಸರನ್ನೇ ಅಕ್ಷರಶಃ ಕೊಡಬೇಕು. ಮನೆಯಲ್ಲಿ ಕರೆಯುವ ಹೆಸರನ್ನು ಅಲ್ಲಿ ನುಸುಳಿಸಬೇಡಿ.

ಮಗುವಿಗೆ ಅಪ್ಪನ ಕಡೆಯಿಂದ ಒಂದು, ಅಮ್ಮನ ಕಡೆಯಿಂದ ಒಂದು, ಹೀಗೆ ಎರಡು ಮನೆತನದ ಹೆಸರು ಬರುತ್ತವೆ. ಯಾವುದು ಮೊದಲು ಅನ್ನುವುದನ್ನು ನೀವಿಬ್ಬರೂ ಸೇರಿ ತೀರ್ಮಾನಿಸಬಹುದು. ನಮ್ಮ ಕಡೆಯ ಬಹಳ ಜನರಿಗೆ ಇನಿಶಿಯಲ್ ಮಾತ್ರ ಇರುತ್ತದೆ, ಮನೆತನದ ಹೆಸರು ಇರುವುದಿಲ್ಲ. ನಿಮ್ಮ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ಏನಿದೆ ಅಂತ ಈಗಲೇ ತೆಗೆದು ನೋಡಿ. ಅಪ್ಪನ ಹೆಸರಿದ್ದರೆ ಅದೇ ನಿಮ್ಮ ಮಗಳ ಮನೆತನದ ಹೆಸರುಗಳಲ್ಲಿ ಒಂದಾಗುತ್ತದೆ. ಆ ಜಾಗ ಖಾಲಿ ಇದ್ದರೆ ಹೆರಿಗೆಗೆ ಮುಂಚೆಯೇ ನೋಂದಣಿ ಕಚೇರಿಗೆ ಹೋಗಿ ಮಾತಾಡಿಕೊಂಡು ಬನ್ನಿ, ಏಕೆಂದರೆ ಆಮೇಲೆ ಸಮಯ ಕಮ್ಮಿ. ಆಸ್ಪತ್ರೆಯವರು ಜನನದ ವಿವರವನ್ನು 72 ಗಂಟೆಯೊಳಗೆ ಕಳಿಸುತ್ತಾರೆ. ಅಲ್ಲಿ ಆಗದಿದ್ದರೆ ನೀವೇ 10 ದಿನದೊಳಗೆ ನೋಂದಣಿ ಕಚೇರಿಗೆ ಹೋಗಬೇಕು. ಆಸ್ಪತ್ರೆಯ ಫಾರ್ಮಿಗೆ ಸಹಿ ಹಾಕುವ ಮೊದಲು ಹೆಸರಿನ ಒಂದೊಂದು ಅಕ್ಷರವನ್ನೂ ನೀವೇ ಓದಿ ನೋಡಿ.